ಮಾತಾಡೋಕೆ ಯಾರೂ ಇಲ್ಲದ ದಾರಿ

ಮದುವೆ ಕರೆಯೋಲೆಗಳಲ್ಲಿ ಗಂಡಿನ ಹೆಸರಿಗೆ ಮುಂಚೆ ‘ಚಿ|| ರಾ||’ ಅಂತ ಇರುತ್ತಲ್ಲ, ಹೆಣ್ಣಿನ ಹೆಸರಿಗೆ ಮುಂಚೆ ‘ಚಿ|| ಸೌ||’ ಅಂತ... ಆ ‘ಚಿ’ ಅಂದ್ರೆ ಚಿರಂಜೀವಿ. ಯಾರೂ ಅದನ್ನ ಯೋಚಿಸಿ ಹಾಕಿಸೋದಿಲ್ಲ. ಪ್ರೆಸ್ಸಿನವನ ಹತ್ರ ಇರೋ ಹಳೇ ಮಾದರಿಯಲ್ಲಿ ಅದು ಮೊದಲೇ ಇರುತ್ತೆ, ನಾವು ಹೆಸರು ಬದಲಾಯಿಸಿ ಕೊಡ್ತೀವಿ ಅಷ್ಟೆ. ನಮ್ಮ ಮನೆಯಲ್ಲಿ ಹುಟ್ಟಿದ ತಿಥಿಯ ದಿನ ಬೆಳಗ್ಗೆ ಎಳ್ಳು ಬೆಲ್ಲ ಹಾಕಿದ ಹಾಲು ಕೊಡ್ತಾರೆ, ಅದನ್ನ ಕುಡಿಯೋ ಮುಂಚೆ ಮಾರ್ಕಂಡೇಯನನ್ನೂ ಏಳು ಜನ ಚಿರಂಜೀವಿಗಳನ್ನೂ ನೆನೀಬೇಕು. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಆಯಸ್ಸು ಹೆಚ್ಚಲಿ ಅಂತ.

ಈ ಪಟ್ಟಿಯಲ್ಲಿ ಒಬ್ಬ ಬೇರೆಯವರ ಥರ ಇಲ್ಲ, ಗಮನಿಸಿದ್ರಾ? ಹನುಮಂತನಿಗೆ, ವಿಭೀಷಣನಿಗೆ ಆಯಸ್ಸು ಸಿಕ್ಕಿದ್ದು ವರವಾಗಿ. ಬಲಿಗೆ ಸುತಲ ಲೋಕದ ಒಡೆತನವೂ ಜೊತೆಗೇ ಸಿಕ್ಕಿತು. ಅಶ್ವತ್ಥಾಮನಿಗೆ ಸಿಕ್ಕಿದ್ದು ಶಾಪ. ಅವನಿಗೆ ಸಾಯೋಕಾಗೋದಿಲ್ಲ ಅನ್ನೋದೇ ಶಿಕ್ಷೆ. ಹಾಗಿದ್ದೂ ಪಟ್ಟಿಯಲ್ಲಿ ಮೊದಲನೇ ಹೆಸರು ಅವನದೇ! ಹುಟ್ಟುಹಬ್ಬದ ದಿನ ಮಗುವಿನ ಬಾಯಲ್ಲಿ ಮೊದಲು ಹೇಳಿಸೋದು ಅವನ ಹೆಸರನ್ನೇ.

ಈ ವಿಷಯ ಕೆಲವು ತಿಂಗಳಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಯಾಕೆ ಅನ್ನೋದನ್ನ ಆಮೇಲೆ ಹೇಳ್ತೀನಿ. ಮೊದಲು ಕಥೆಗಳು.

*

ಸೌಪ್ತಿಕ ಪರ್ವದ ಕಥೆ ನಿಮಗೆ ಗೊತ್ತಿರೋದೇ. ಹದಿನೆಂಟು ದಿನದ ಯುದ್ಧ ಮುಗಿದಿದೆ. ದುರ್ಯೋಧನ ತೊಡೆ ಮುರಿದು ಬಿದ್ದಿದ್ದಾನೆ. ಕಾಡಿನ ಆಲದ ಮರದ ಕೆಳಗೆ ನಿದ್ದೆ ಬರದೆ ಕೂತ ಅಶ್ವತ್ಥಾಮನಿಗೆ, ಮಲಗಿದ ಕಾಗೆಗಳನ್ನ ಒಂದು ಗೂಬೆ ಕೊಲ್ಲೋದು ಕಾಣುತ್ತೆ. ಅವನೂ ಹಾಗೇ ಮಾಡ್ತಾನೆ. ಕೃಪ, ಕೃತವರ್ಮರನ್ನ ಬಾಗಿಲಲ್ಲಿ ನಿಲ್ಲಿಸಿ, ರಾತ್ರಿ ಪಾಂಡವರ ಶಿಬಿರಕ್ಕೆ ನುಗ್ಗಿ ಧೃಷ್ಟದ್ಯುಮ್ನನನ್ನ, ಶಿಖಂಡಿಯನ್ನ, ದ್ರೌಪದಿಯ ಐವರು ಮಕ್ಕಳನ್ನ ಕೊಲ್ತಾನೆ. ಬೆನ್ನಟ್ಟಿ ಬಂದಾಗ ಒಂದು ಹುಲ್ಲಿನ ಕಡ್ಡಿಯನ್ನೇ ಬ್ರಹ್ಮಶಿರ ಅಸ್ತ್ರ ಮಾಡಿ ಬಿಡ್ತಾನೆ. ವ್ಯಾಸರೂ ನಾರದರೂ ನಡುವೆ ಬಂದು ನಿಂತು ವಾಪಸ್ ತಗೊಳ್ಳಿ ಅಂದಾಗ ಅರ್ಜುನ ತಗೋತಾನೆ, ಇವನಿಗೆ ಬರೋದಿಲ್ಲ. ಅದನ್ನ ಪಾಂಡವರ ವಂಶದ ಗರ್ಭದ ಕಡೆಗೆ ತಿರುಗಿಸ್ತಾನೆ. ಆಗ ಕೃಷ್ಣ ಶಾಪ ಕೊಡ್ತಾನೆ.

ಆ ಶಾಪದ ವಿವರವನ್ನ ನಾನು ಇತ್ತೀಚೆಗೆ ಮೊದಲ ಸಲ ಗಮನ ಕೊಟ್ಟು ಓದಿದ್ದು. ಎರಡು ವಿಷಯಕ್ಕೆ ಆಶ್ಚರ್ಯ ಆಯ್ತು.

ಮೊದಲನೆಯದು, ಅದು ಎಂದೆಂದಿಗೂ ಅನ್ನೋ ಶಾಪ ಅಲ್ಲ. ಅಲ್ಲಿ ಹೇಳಿರೋದು ಮೂರು ಸಾವಿರ ವರ್ಷ. ಎಂಜಿನಿಯರ್ ಬುದ್ಧಿ ನೋಡಿ, ತಕ್ಷಣ ಲೆಕ್ಕ ಹಾಕಿದೆ :-) ಸಂಪ್ರದಾಯದ ಲೆಕ್ಕದಲ್ಲಿ ಕಲಿಯುಗ ಶುರುವಾಗಿದ್ದು ಕ್ರಿ.ಪೂ. 3102ರಲ್ಲಿ, ಕೃಷ್ಣ ಹೋದಮೇಲೆ. ಯುದ್ಧ ಅದಕ್ಕೂ 36 ವರ್ಷ ಹಿಂದೆ, ಅಂದ್ರೆ ಕ್ರಿ.ಪೂ. 3138. ಅಲ್ಲಿಂದ ಮೂರು ಸಾವಿರ ವರ್ಷ ಅಂದ್ರೆ ಕ್ರಿ.ಪೂ. 138. ಇದು ಇತಿಹಾಸ ಅಲ್ಲ, ನಂಬಿಕೆಯೊಳಗಿನ ಲೆಕ್ಕ. ಆದ್ರೆ ಆ ಲೆಕ್ಕದಲ್ಲೇ ನೋಡಿದ್ರೂ ಪಾಪ ಅವನ ಶಿಕ್ಷೆ ಮುಗಿದು ಎರಡು ಸಾವಿರದ ನೂರು ವರ್ಷದ ಮೇಲಾಯ್ತು!

ಲಿನಕ್ಸ್‌ನಲ್ಲಿ ಕೆಲಸ ಮಾಡೋರಿಗೆ ಜಾಂಬಿ ಪ್ರೋಸೆಸ್ ಗೊತ್ತಿರುತ್ತೆ. ಅದರ ಕೆಲಸ ಮುಗಿದಿರುತ್ತೆ, ಅದು ಸತ್ತಿರುತ್ತೆ. ಆದ್ರೆ ಅದನ್ನ ಹುಟ್ಟಿಸಿದ ಪೇರೆಂಟ್ ಪ್ರೋಸೆಸ್ ಬಂದು ‘ಏನಾಯ್ತು’ ಅಂತ ವಿಚಾರಿಸಿರೋದಿಲ್ಲ. ವಿಚಾರಿಸೋವರೆಗೂ ಪಟ್ಟಿಯಲ್ಲಿ ಹೆಸರು ಹಾಗೇ ಉಳಿದಿರುತ್ತೆ. ಅಶ್ವತ್ಥಾಮನ ಸ್ಥಿತಿ ನನಗೆ ಹಾಗೇ ಕಾಣ್ಸುತ್ತೆ. ಅವಧಿ ಮುಗಿದಿದೆ, ಬಿಡುಗಡೆ ಮಾಡೋಕೆ ಯಾರೂ ಬಂದಿಲ್ಲ. ಮಧ್ಯಪ್ರದೇಶದ ಬುರ್ಹಾನ್‌ಪುರದ ಹತ್ತಿರ ಅಸೀರ್‌ಗಢ ಅಂತ ಒಂದು ಕೋಟೆ ಇದೆ. ಅಲ್ಲಿಯ ಶಿವನ ಗುಡಿಗೆ ಅವನು ಇವತ್ತಿಗೂ ಬಂದು ಹೂವಿಟ್ಟು ಹೋಗ್ತಾನೆ ಅಂತ ಸುತ್ತಲಿನವರು ಹೇಳ್ತಾರೆ. ನರ್ಮದೆಯ ಕಡೆ ಹಣೆಯ ಗಾಯಕ್ಕೆ ಎಣ್ಣೆ ಕೇಳ್ಕೊಂಡು ಬರ್ತಾನೆ ಅನ್ನೋ ಕಥೆಗಳೂ ಇವೆ. ಜನಕ್ಕೆ ಮೂರು ಸಾವಿರದ ಲೆಕ್ಕ ಬೇಕಿಲ್ಲ.

ಎರಡನೇ ಆಶ್ಚರ್ಯ ಇನ್ನೂ ದೊಡ್ಡದು. ಶಾಪ ಅಂದ್ರೆ ನಾವು ರಕ್ತ, ಕೀವು, ರೋಗ ಅಂತ ನೆನಪಿಟ್ಟುಕೊಂಡಿದೀವಿ. ಅದೆಲ್ಲ ಇದೆ. ಆದ್ರೆ ಅದಕ್ಕೂ ಮುಂಚೆ ಬರೋದು ಬೇರೆ: ಜನರಿಲ್ಲದ ಜಾಗಗಳಲ್ಲಿ ಒಬ್ಬನೇ ತಿರುಗ್ತೀಯ, ಎಲ್ಲೂ, ಯಾರ ಜೊತೆಯೂ, ಒಂದು ಮಾತು ಆಡೋಕೆ ಸಿಗೋದಿಲ್ಲ ಅನ್ನೋದು. ಗಾಯ ಆಮೇಲೆ. ಮೊದಲ ಶಿಕ್ಷೆ ಮಾತಿಲ್ಲದಿರೋದು.

*

ಪಶ್ಚಿಮದಲ್ಲೂ ಇಂಥವನೊಬ್ಬ ಇದ್ದಾನೆ. ಇಂಗ್ಲಿಷಿನಲ್ಲಿ, ಫ್ರೆಂಚಿನಲ್ಲಿ ‘ಅಲೆಯುವ ಯೆಹೂದಿ’ ಅಂತಾರೆ, ಜರ್ಮನ್ನಿನಲ್ಲಿ ‘ನಿತ್ಯ ಯೆಹೂದಿ’ ಅಂತ. ಎರಡನ್ನೂ ಸೇರಿಸಿದ್ರೆ ನಿತ್ಯ ಅಲೆಮಾರಿ.

ಬರಹದಲ್ಲಿ ಅವನು ಸಿಗೋ ಹಳೆಯ ಜಾಗಗಳಲ್ಲಿ ಒಂದು, ಲಂಡನ್ನಿನ ಉತ್ತರಕ್ಕಿರೋ ಸೇಂಟ್ ಆಲ್ಬನ್ಸ್ ಮಠದಲ್ಲಿದ್ದ ರೋಜರ್ ಆಫ್ ವೆಂಡೋವರ್ ಅನ್ನೋ ಸನ್ಯಾಸಿ ಬರೆದ ಚರಿತ್ರೆ. 1228ರಲ್ಲಿ ಅರ್ಮೇನಿಯಾದ ಒಬ್ಬ ಆರ್ಚ್‌ಬಿಷಪ್ ಆ ಮಠಕ್ಕೆ ಬಂದಿದ್ರಂತೆ. ಏಸುವನ್ನ ಶಿಲುಬೆಗೇರಿಸೋಕೆ ಒಯ್ಯೋವಾಗ, ಪಿಲಾತನ ಮನೆಯ ಬಾಗಿಲು ಕಾಯೋ ಕಾರ್ಟಫಿಲಸ್ ಅನ್ನೋವನು ಬೆನ್ನಿಗೆ ಹೊಡೆದು ‘ಬೇಗ ನಡಿ’ ಅಂದನಂತೆ. ಏಸು, ನಾನು ಹೋಗ್ತೀನಿ, ನೀನು ನಾನು ಬರೋವರೆಗೆ ಕಾಯ್ತಿರು ಅನ್ನೋ ಅರ್ಥದಲ್ಲಿ ಹೇಳಿದ್ರಂತೆ. ಅವತ್ತು ಅವನಿಗೆ ಮೂವತ್ತು ವರ್ಷ. ನೂರು ವರ್ಷಕ್ಕೊಮ್ಮೆ ಕಾಯಿಲೆ ಬೀಳ್ತಾನೆ, ವಾಸಿಯಾಗಿ ಎದ್ದಾಗ ಮತ್ತೆ ಮೂವತ್ತು. (ಮೂವತ್ತಕ್ಕೆ ಹತ್ತಿರ ಬಂದಿರೋ ನನಗೆ ಈ ಭಾಗ ಓದೋವಾಗ ಒಂಥರಾ ಆಯ್ತು. ಮೂವತ್ತಾಗೋದು ಒಂದು ಸಲಕ್ಕೇ ಸಾಕು.)

ಈ ಹಳೆಯ ಕಥೆಯ ಮನುಷ್ಯ ಅಷ್ಟಾಗಿ ಅಲೆಯೋದೇ ಇಲ್ಲ. ದೀಕ್ಷೆ ತಗೊಂಡು ಜೋಸೆಫ್ ಆಗಿ, ಅರ್ಮೇನಿಯಾದ ಕಡೆ ಬಿಷಪ್ಪರ ಜೊತೆ ಗಂಭೀರವಾಗಿ ಬದುಕ್ತಾ ಇರ್ತಾನೆ. ಕೇಳಿದ್ರೆ ಹಳೇ ಕಾಲದ ವಿಷಯ ಹೇಳ್ತಾನೆ. ಆರ್ಚ್‌ಬಿಷಪ್ಪರು ಅವನ ಜೊತೆ ಊಟ ಮಾಡಿದ್ರಂತೆ ಬೇರೆ.

1602ರಲ್ಲಿ ಜರ್ಮನ್ ಭಾಷೆಯಲ್ಲಿ ಒಂದು ಸಣ್ಣ ಪುಸ್ತಿಕೆ ಅಚ್ಚಾಯ್ತು. ಅಲ್ಲಿಂದ ಎಲ್ಲ ಬದಲಾಯ್ತು. ಬಾಗಿಲು ಕಾಯೋವನ ಜಾಗದಲ್ಲಿ ಈಗ ಜೆರುಸಲೆಮ್ಮಿನ ಒಬ್ಬ ಯೆಹೂದಿ, ಚಪ್ಪಲಿ ಹೊಲಿಯೋವನು, ಹೆಸರು ಅಹಸ್ವೇರಸ್. ಶಿಲುಬೆ ಹೊತ್ತು ಬಂದ ಏಸು ತನ್ನ ಮನೆಯ ಗೋಡೆಗೆ ಒರಗೋಕೆ ಬಿಡದೆ ಅಟ್ಟಿದವನು. ಶಿಕ್ಷೆಯೂ ಬೇರೆ: ಕಾಯೋದಲ್ಲ, ನಡೆಯೋದು. 1542ರಲ್ಲಿ ಹ್ಯಾಂಬರ್ಗಿನ ಚರ್ಚಿನಲ್ಲಿ, ಚಳಿಗಾಲದಲ್ಲಿ, ಬರಿಗಾಲಲ್ಲಿ, ಹೆಗಲ ಮೇಲೆ ಕೂದಲು ಇಳಿಬಿಟ್ಟು ನಿಂತಿದ್ದ ಅವನನ್ನ ಆಮೇಲೆ ಬಿಷಪ್ ಆದ ಪೌಲ್ ಫಾನ್ ಐಟ್ಸನ್ ನೋಡಿದ್ರು ಅಂತ ಆ ಪುಸ್ತಿಕೆ ಹೇಳುತ್ತೆ. ಅವನು ನಗೋದಿಲ್ಲ. ಯಾವ ಊರಿಗೆ ಹೋದ್ರೆ ಆ ಊರಿನ ಭಾಷೆ ಮಾತಾಡ್ತಾನೆ.

ಒಂದು ತಮಾಷೆ ನೋಡಿ. ಅಹಸ್ವೇರಸ್ ಅನ್ನೋದು ಬೈಬಲ್ಲಿನ ಎಸ್ತೇರಳ ಕಥೆಯಲ್ಲಿ ಬರೋ ಪರ್ಷಿಯಾದ ರಾಜನ ಹೆಸರು. ಅವನು ಯೆಹೂದಿಯೇ ಅಲ್ಲ. ಜೆರುಸಲೆಮ್ಮಿನ ಚಪ್ಪಲಿ ಹೊಲಿಯೋವನಿಗೆ ಆ ಹೆಸರಿಡೋದು, ಮೇಲುಕೋಟೆ ಪುರೋಹಿತರಿಗೆ ಅಲೆಗ್ಸಾಂಡರ್ ಅಂತ ಹೆಸರಿಟ್ಟ ಹಾಗೆ. ಯಾರ ಬಗ್ಗೆ ಬರೀತಿದಾರೋ ಅವರ ಮನೆಯೊಳಗೆ ಬರೆದವನು ಒಂದು ದಿನವೂ ಕೂತಿರಲಿಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ತಮಾಷೆ ಇಲ್ಲಿಗೆ ಮುಗೀತು. ಆ ಕಾಲಕ್ಕೆ ಯುರೋಪಿನಲ್ಲಿ ಯೆಹೂದಿಗಳು ಊರಿಂದ ಊರಿಗೆ ಹೋಗ್ತಿದ್ದಿದ್ದು ನಿಜವೇ. ಯಾಕಂದ್ರೆ ಅವರನ್ನ ಓಡಿಸ್ತಾ ಇದ್ರು. 1290ರಲ್ಲಿ ಇಂಗ್ಲೆಂಡ್ ಓಡಿಸಿತು, 1306ರಲ್ಲಿ ಫ್ರಾನ್ಸ್, 1492ರಲ್ಲಿ ಸ್ಪೇನ್. ಓಡಿಸಿದವರ ನಾಡುಗಳಲ್ಲೇ ಈ ಕಥೆ ಹಬ್ಬಿತು: ನೋಡಿ, ಅವರ ಹಣೆಬರಹವೇ ಅಲೆಯೋದು, ದೇವರೇ ಶಾಪ ಕೊಟ್ಟಿದ್ದಾನೆ. ಮನೆಯಿಂದ ದಬ್ಬಿದವನ ಕೈ ಕಥೆಯೊಳಗೆ ಕಾಣಿಸೋದೇ ಇಲ್ಲ! 1937ರಲ್ಲಿ ನಾತ್ಸಿಗಳು ಮ್ಯೂನಿಕ್‌ನಲ್ಲಿ ‘ನಿತ್ಯ ಯೆಹೂದಿ’ ಅನ್ನೋ ಹೆಸರಲ್ಲೇ ದೊಡ್ಡ ಪ್ರದರ್ಶನ ಇಟ್ಟರು. 1940ರಲ್ಲಿ ಅದೇ ಹೆಸರಿನ ಪ್ರಚಾರದ ಸಿನಿಮಾ ಬಂತು. ಅದರಲ್ಲಿ ಯೆಹೂದಿಗಳು ಹರಡೋದನ್ನ ಇಲಿಗಳು ಹರಡೋದಕ್ಕೆ ಹೋಲಿಸಿ ತೋರಿಸಿದ್ರು. ಆಮೇಲೆ ಆಗಿದ್ದು ಎಲ್ಲರಿಗೂ ಗೊತ್ತು.

ನಮ್ಮಲ್ಲಿ ಹೀಗೆಲ್ಲ ಆಗಲಿಲ್ಲ ಅಂತ ಸಮಾಧಾನ ಪಟ್ಟುಕೊಳ್ಳೋ ಹಾಗಿಲ್ಲ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಂತ ಒಂದನ್ನ ತಂದ್ರು. ಅದರಡಿ ಅನೇಕ ಅಲೆಮಾರಿ ಸಮುದಾಯಗಳನ್ನ ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿದ್ರು. ಆ ಪಟ್ಟಿ ರದ್ದಾಗಿದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷ ಆದಮೇಲೆ. ಇವತ್ತಿಗೂ ಊರಾಚೆ ಗುಡಾರ ಬಿದ್ರೆ, ಊರಲ್ಲಿ ಕೋಳಿ ಕಳೆದುಹೋದ್ರೆ, ಮೊದಲ ಅನುಮಾನ ಯಾರ ಮೇಲೆ ಹೇಳಿ? ನಡೆಯೋವನನ್ನ ಕಂಡ್ರೆ ನಿಂತವನಿಗೆ ಭಯ. ಆ ಭಯಕ್ಕೆ ಒಂದು ಪುರಾಣ ಸಿಕ್ಕಿಬಿಟ್ರೆ ಸಾಕು.

ಇದೇ ಕಥೆಯನ್ನ ಯೆಹೂದಿಗಳೂ ತಮ್ಮ ಕೈಗೆ ತಗೊಂಡಿದಾರೆ ಅನ್ನೋದು ಸಮಾಧಾನ. ಮಾರ್ಕ್ ಶಗಾಲ್ 1914ರ ಆಸುಪಾಸಿನಲ್ಲಿ ತನ್ನೂರು ವೀಟೆಬ್ಸ್ಕ್ ಮೇಲೆ ಬರೆದ ಚಿತ್ರ ಒಂದಿದೆ. ಹಿಮ ಬಿದ್ದ ಊರು, ಅದರ ಮೇಲೆ ಆಕಾಶದಲ್ಲಿ ಗಂಟುಮೂಟೆ ಹೊತ್ತು ಕೋಲು ಹಿಡಿದ ಒಬ್ಬ ಮುದುಕ ತೇಲಿ ಹೋಗ್ತಾ ಇದ್ದಾನೆ. ಅವನನ್ನ ನೋಡಿದ್ರೆ ಭಯ ಆಗೋದಿಲ್ಲ. ಕರೆದು ಒಂದು ಲೋಟ ಕಾಫಿ ಕೊಡೋಣ ಅನ್ಸುತ್ತೆ.

*

ಅಲೆಯೋದೇ ಶಾಪವಾ ಹಾಗಾದ್ರೆ? ನನಗೆ ಇದರಲ್ಲಿ ಅನುಮಾನ ಇದೆ. ನಾರದನನ್ನೇ ನೋಡಿ. ಅವನೂ ಶಾಪ ಪಡೆದವನೇ. ಭಾಗವತದಲ್ಲಿ ಕಥೆ ಬರುತ್ತೆ. ದಕ್ಷನ ಮಕ್ಕಳಿಗೆ ವೈರಾಗ್ಯ ಬೋಧಿಸಿ ಮನೆ ಬಿಡಿಸಿದ್ದಕ್ಕೆ, ದಕ್ಷ ಸಿಟ್ಟಾಗಿ, ಲೋಕವೆಲ್ಲ ತಿರುಗಿದ್ರೂ ನಿನಗೆ ಕಾಲೂರೋಕೆ ಜಾಗ ಇಲ್ಲದ ಹಾಗಾಗ್ಲಿ ಅಂತ ಶಪಿಸ್ತಾನೆ. ನಾರದ ‘ಆಗ್ಲಿ’ ಅಂದು ಹೊರಟುಬಿಡ್ತಾನೆ. ಅವನಿಗೂ ಮನೆ ಇಲ್ಲ, ಅವನಿಗೂ ನಿಲ್ಲೋ ಹಾಗಿಲ್ಲ. ಆದ್ರೆ ನಾರದನನ್ನ ಕಂಡು ಯಾರಾದ್ರೂ ಅಯ್ಯೋ ಪಾಪ ಅಂದಿದಾರಾ? ಅವನು ಹೋದಲ್ಲೆಲ್ಲ ಎದ್ದು ನಿಂತು ಕಾಲಿಗೆ ನೀರು ಕೊಡ್ತಾರೆ, ಕೂರಿಸಿ ‘ಏನು ಸಮಾಚಾರ’ ಅಂತ ಕೇಳ್ತಾರೆ. ಎಲ್ಲ ಲೋಕದಲ್ಲೂ ಅವನ ಮಾತಿಗೆ ಕಿವಿ ಇದೆ. ಶಾಪದ ತೂಕವೇ ಅವನಿಗೆ ಗೊತ್ತಾಗಲಿಲ್ಲ.

ನಮ್ಮ ಕಡೆ ನಡೆಯೋದಕ್ಕೆ ಯಾವಾಗಲೂ ಮರ್ಯಾದೆ ಇದೆ. ಮಳೆಗಾಲದ ಚಾತುರ್ಮಾಸ್ಯ ಬಿಟ್ಟು ಸನ್ಯಾಸಿ ಒಂದೇ ಕಡೆ ಇರಬಾರದು ಅಂತ ನಿಯಮ. ಜೈನ ಮುನಿಗಳು ಇವತ್ತಿಗೂ ಊರೂರು ನಡೆದೇ ಹೋಗ್ತಾರೆ. ಶರಣರಂತೂ ನಡೆಯೋ ಜಂಗಮವನ್ನ ನಿಂತ ಸ್ಥಾವರಕ್ಕಿಂತ ಮೇಲೆ ಇಟ್ಟರು. ಜಂಗಮ ಬಾಗಿಲಿಗೆ ಬಂದ್ರೆ ಕರೆಯೋವ್ರು ಇರ್ತಾರೆ ಅನ್ನೋದು ಮುಖ್ಯ.

ಆಮೇಲೆ ಬಂದ ಸಾಹಿತ್ಯಕ್ಕೂ ಇದು ಅರ್ಥವಾಗಿತ್ತು ಅನ್ಸುತ್ತೆ. ಕೋಲ್‌ರಿಜ್ 1798ರಲ್ಲಿ ಬರೆದ ಮುದಿ ನಾವಿಕ ಆಲ್ಬಟ್ರಾಸ್ ಹಕ್ಕಿಯನ್ನ ಕೊಂದವನು. ಜೊತೆಗಾರರೆಲ್ಲ ಸತ್ತು ಅವನೊಬ್ಬ ಉಳಿದ. ಈಗ ದೇಶದಿಂದ ದೇಶಕ್ಕೆ ಹೋಗ್ತಾನೆ. ಆಗಾಗ ಒಳಗೆ ಒಂದು ಸಂಕಟ ಏಳುತ್ತೆ, ಯಾರಿಗಾದ್ರೂ ತನ್ನ ಕಥೆ ಹೇಳಿದ ಮೇಲೇ ಅದು ಇಳಿಯೋದು. ಮದುವೆಗೆ ಹೊರಟವನನ್ನೇ ಹಿಡಿದು ನಿಲ್ಲಿಸ್ತಾನೆ. ಕೇಳೋವನಿಗೆ ಒಳಗೆ ಊಟದ ಹೊತ್ತು, ಇವನಿಗೆ ಹೇಳಿದ ಹೊರತು ಬಿಡುಗಡೆ ಇಲ್ಲ.

ಹಾರುವ ಡಚ್ಚನ ಹಡಗಿನ ಕಥೆ ಕೇಳಿರಬಹುದು. ಗುಡ್‌ಹೋಪ್ ಭೂಶಿರವನ್ನ ದಾಟಿಯೇ ತೀರ್ತೀನಿ ಅಂತ ಆಣೆ ಇಟ್ಟು, ಎಂದೂ ದಡ ಸೇರದೆ ಸುತ್ತೋ ಹಡಗು. ವಾಗ್ನರ್ ಅದನ್ನ ಒಪೆರಾ ಮಾಡಿದ್ದು, 1843ರಲ್ಲಿ ಡ್ರೆಸ್ಡೆನ್‌ನಲ್ಲಿ ಆಡಿದ್ದು ಪ್ರಸಿದ್ಧ. ನನಗೆ ಅದಕ್ಕಿಂತ ಹಿಡಿಸಿದ್ದು 1821ರಲ್ಲಿ ಬ್ಲ್ಯಾಕ್‌ವುಡ್ಸ್ ಪತ್ರಿಕೆಯಲ್ಲಿ ಬಂದ ಸಣ್ಣ ಕಥೆ. ಬಿರುಗಾಳಿಯ ನಡುವೆ ಆ ಹಡಗಿನವರು ಬೇರೆ ಹಡಗಿನವರ ಹತ್ತಿರ ಬಂದು ಒಂದು ಕಟ್ಟು ಪತ್ರ ಕೊಡೋಕೆ ನೋಡ್ತಾರೆ. ಇವನ್ನ ನಮ್ಮೂರಿಗೆ ಮುಟ್ಟಿಸಿ, ಹೆಂಡತಿಗೆ, ಸ್ನೇಹಿತರಿಗೆ ಅಂತ. ವಿಳಾಸದಲ್ಲಿರೋ ಜನ ಸತ್ತು ಎಷ್ಟೋ ಕಾಲ ಆಗಿದೆ. ಅದು ಪತ್ರ ಬರೆದವರಿಗೆ ಗೊತ್ತಿಲ್ಲ. ಪತ್ರ ಮುಟ್ಟಿದ್ರೆ ಅಪಶಕುನ ಅಂತ ಯಾರೂ ಕೈ ಚಾಚೋದಿಲ್ಲ.

ಬೋರ್ಹೆಸ್ 1947ರಲ್ಲಿ ಬರೆದ ‘ಅಮರ’ ಕಥೆಯಲ್ಲಿ ಇನ್ನೊಂದು ಬಗೆ. ಅದರಲ್ಲಿ ಕಾರ್ಟಫಿಲಸ್ ಅನ್ನೋ ಹೆಸರು ಮತ್ತೆ ಬರುತ್ತೆ, ಹಳೇ ಪುಸ್ತಕ ಮಾರೋವನಾಗಿ. ಅಲ್ಲಿನ ಅಮರರಿಗೆ ಸಮಯ ಎಷ್ಟು ಮಿಕ್ಕಿದೆ ಅಂದ್ರೆ ಅವರಿಗೆ ಒಬ್ಬರ ಮೇಲೊಬ್ಬರಿಗೆ ಕರುಣೆಯೇ ಉಳಿದಿಲ್ಲ. ಅವರಲ್ಲೊಬ್ಬ ಹಳ್ಳಕ್ಕೆ ಬೀಳ್ತಾನೆ. ಉಳಿದವರು ಹಗ್ಗ ಎಸೆಯೋದು ಎಪ್ಪತ್ತು ವರ್ಷ ಆದಮೇಲೆ! ಸಾಯೋದಿಲ್ಲ ಅಂತ ಗೊತ್ತಿದ್ರೆ ಅವಸರ ಏನಿದೆ?

ಕನ್ನಡದಲ್ಲಿ ಅಶ್ವತ್ಥಾಮನಿಗೆ ಬಿಡುಗಡೆ ಕೊಟ್ಟವರು ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ ನಾಟಕ ಬಂದಿದ್ದು 1929ರಲ್ಲಿ. ಸೊಫೊಕ್ಲಿಸ್‌ನ ‘ಏಜಾಕ್ಸ್’ ನಾಟಕವನ್ನ ಮಾದರಿಯಾಗಿಟ್ಟುಕೊಂಡು ಬರೆದದ್ದು. ಅಲ್ಲಿ ಏಜಾಕ್ಸ್ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸಾಯ್ತಾನೆ. ಇಲ್ಲಿ ಅಶ್ವತ್ಥಾಮನೂ ತನ್ನ ಜೀವ ತಾನೇ ತೆಗೆದುಕೊಳ್ತಾನೆ. ಚಿರಂಜೀವಿಗೆ ಸಾವು! ಗ್ರೀಕ್ ದುರಂತದ ಅಚ್ಚಿಗೆ ಹೊಂದಿಸೋಕೆ ಹಾಗೆ ಮಾಡಿದ್ರು ಅಂತ ವಿಮರ್ಶೆಯ ಪುಸ್ತಕಗಳು ಹೇಳಬಹುದು. ನನಗೆ ಅದರಲ್ಲಿ ಕರುಣೆಯೂ ಕಾಣುತ್ತೆ. ಯಾರೋ ಒಬ್ಬರು ಬಂದು, ಮಗೂ ಸಾಕು, ಮಲ್ಕೋ ಅಂದ ಹಾಗೆ.

*

ಈಗ, ಇದೆಲ್ಲ ನನ್ನ ತಲೆಯಲ್ಲಿ ಯಾಕೆ ಕೂತಿದೆ ಅನ್ನೋದು.

ನಮ್ಮಜ್ಜಿಗೆ (ಅಮ್ಮನ ಅಮ್ಮ) ತೊಂಬತ್ತಮೂರು ವರ್ಷ. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಮಾವನ ಮನೆಯಲ್ಲಿ ಇದಾಳೆ. ಕಿವಿ ಸ್ವಲ್ಪ ಮಂದ, ಮಾತು ಖಡಕ್. ನೆನಪು ನನಗಿಂತ ಚೆನ್ನಾಗಿದೆ. ತಾತ ಹೋಗಿ ಇಪ್ಪತ್ತೆರಡು ವರ್ಷ. ಅವಳ ಜೊತೆ ಹುಟ್ಟಿದ ಆರು ಜನರಲ್ಲಿ ಯಾರೂ ಇಲ್ಲ. ಅವಳ ಜೊತೆ ಕೆರೆಗೆ ಹೋಗ್ತಿದ್ದವರು, ಹಪ್ಪಳ ಒತ್ತುತ್ತಿದ್ದವರು, ಜಗಳ ಆಡಿ ಎರಡು ವರ್ಷ ಮಾತು ಬಿಟ್ಟಿದ್ದವರು, ಯಾರೂ ಇಲ್ಲ. ‘ನನ್ನ ಚೀಟಿ ಎಲ್ಲೋ ಕಳ್ದುಹಾಕಿದಾನೆ ಕಣೋ ಆ ಯಮ, ಹುಡುಕ್ತಾ ಇರ್ಬೇಕು ಪಾಪ’ ಅಂತಾಳೆ.

ಅವಳ ದಿಂಬಿನ ಪಕ್ಕ ಒಂದು ಹಳೇ ಡೈರಿ ಇದೆ. ಯಾವುದೋ ಬ್ಯಾಂಕಿನವರು ಕೊಟ್ಟಿದ್ದು. ಅದರ ತುಂಬ ತಾತನ ಅಕ್ಷರದಲ್ಲಿ ಹೆಸರು, ಫೋನ್ ನಂಬರು. ಎಷ್ಟೋ ನಂಬರಿಗೆ ಐದೇ ಅಂಕಿ. ನಾನು ಊರಿಗೆ ಹೋದಾಗ ಕನ್ನಡಕ ಹಾಕ್ಕೊಂಡು ಒಂದು ಪುಟ ತೆಗೆದು, ‘ಇದಕ್ಕೊಂದು ಫೋನ್ ಮಾಡು’ ಅಂತಾಳೆ. ಯಾರ ನಂಬರು ಅಂತ ಅವಳಿಗೂ ಗೊತ್ತು, ಅವರಿಲ್ಲ ಅಂತಲೂ ಗೊತ್ತು. ನಾನು ಮಾಡ್ತೀನಿ, ಸ್ಪೀಕರ್ ಹಾಕ್ತೀನಿ. ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಅಂತ ಬರುತ್ತೆ. ಅಜ್ಜಿ ಕೊನೇವರೆಗೂ ಕೇಳಿಸ್ಕೊಂಡು, ‘ಈ ಹುಡುಗಿ ಕನ್ನಡ ಎಷ್ಟು ಸ್ಪಷ್ಟವಾಗಿ ಮಾತಾಡ್ತಾಳೆ ಅಲ್ವಾ’ ಅಂತಾಳೆ. ಆಮೇಲೆ ಆ ಹೆಸರಿನವರ ಕಥೆ ಶುರು.

ಡಚ್ಚನ ಹಡಗಿನ ಪತ್ರದ ಕಟ್ಟು ಓದಿದಾಗ ನನಗೆ ನೆನಪಾಗಿದ್ದು ಈ ಡೈರಿ.

ಕಳೆದ ಎರಡು ತಿಂಗಳಲ್ಲಿ ಅಜ್ಜಿ ಎರಡು ಸಲ ತಲೆ ಸುತ್ತಿ ಬಿದ್ದಳು. ಡಾಕ್ಟರಿಗೆ ತೋರಿಸಿದಾಗ ಎದೆಬಡಿತ ತುಂಬ ನಿಧಾನ ಆಗ್ತಿದೆ, ಪೇಸ್‌ಮೇಕರ್ ಹಾಕ್ಸಿ ಅಂದ್ರು. ಈ ವಯಸ್ಸಿನವರಿಗೂ ಹಾಕ್ತೀವಿ, ದೊಡ್ಡ ಆಪರೇಷನ್ ಏನಲ್ಲ, ಆದ್ರೆ ತುಂಬ ದಿನ ತಳ್ಳಬೇಡಿ ಅಂತಲೂ ಹೇಳಿದ್ರು. ಮಾವ ಅವತ್ತೇ ದುಡ್ಡು ಹೊಂದಿಸೋಕೆ ಶುರು ಮಾಡಿದ್ರು. ಅಮ್ಮನಿಗೆ ಮನಸ್ಸಿಲ್ಲ, ‘ಆ ಜೀವಕ್ಕೆ ಇನ್ನೂ ಚುಚ್ಚೋದು ಬೇಡ’ ಅಂತ ಅಳು. ಅಜ್ಜಿ ಮಾತ್ರ ಡಾಕ್ಟರನ್ನೇ ಕೇಳಿದಳು, ‘ಅದನ್ನ ಹಾಕಿಸ್ಕೊಂಡ್ರೆ ಎಷ್ಟು ವರ್ಷ ಬರುತ್ತಪ್ಪಾ?’

‘ಬ್ಯಾಟರಿ ಹತ್ತು ವರ್ಷದ ಹತ್ತಿರ ಬರುತ್ತೆ ಅಜ್ಜಿ’ ಅಂದ್ರು ಅವರು ನಗ್ತಾ.

‘ಹತ್ತು ವರ್ಷ ಯಾರ ಜೊತೆ ಮಾತಾಡ್ಲಿ?’

ಆ ಕೋಣೆಯಲ್ಲಿ ನಾವು ಐದು ಜನ ಇದ್ವಿ. ಅವಳ ಮಗ, ಮಗಳು, ಸೊಸೆ, ಮೊಮ್ಮಗ, ಡಾಕ್ಟರು. ಯಾರಿಗೂ ತಕ್ಷಣ ಉತ್ತರ ಹೊಳೀಲಿಲ್ಲ. ನಮ್ಮ ಜೊತೆ ಮಾತಾಡು ಅನ್ನಬಹುದಿತ್ತು. ಆದ್ರೆ ಅವಳು ಕೇಳಿದ್ದು ಬೇರೆ. ತಾನು ಹತ್ತು ವರ್ಷದ ಹುಡುಗಿಯಾಗಿದ್ದು ಹೇಗಿತ್ತು ಅಂತ ಬಲ್ಲವರು, ಅವಳನ್ನ ಹೆಸರು ಹಿಡಿದು ‘ಲೇ’ ಅಂತ ಕರೆಯೋವ್ರು, ಅವರಲ್ಲಿ ಒಬ್ಬರೂ ಉಳಿದಿಲ್ಲ. ನಾವೆಲ್ಲ ಅವಳನ್ನ ಅಮ್ಮ, ಅತ್ತೆ, ಅಜ್ಜಿ ಅಂತಲೇ ಕರೆಯೋದು. ಮನೆ ತುಂಬ ಜನ ಇದ್ದೂ ಅವಳು ನಡೀತಿರೋ ದಾರಿಯಲ್ಲಿ ಅವಳೊಬ್ಬಳೇ. ಕಾಲಿಗೆ ಕೆಲಸ ಕೊಡದೇನೂ ಮನುಷ್ಯ ಅಲೆಮಾರಿ ಆಗಬಹುದು ಅನ್ನೋದು ನನಗೆ ಗೊತ್ತಾಗಿದ್ದು ಅವತ್ತು. ಊರು ಬಿಟ್ಟು ಹೋಗಬೇಕಿಲ್ಲ, ತನ್ನ ಕಾಲದವರೆಲ್ಲ ತನ್ನನ್ನ ಬಿಟ್ಟು ಹೋದ್ರೂ ಸಾಕು.

ಏನು ಮಾಡೋದು ಅಂತ ಇನ್ನೂ ತೀರ್ಮಾನ ಆಗಿಲ್ಲ. ಶನಿವಾರ ಎಲ್ಲರೂ ಊರಿಗೆ ಹೋಗ್ತಿದೀವಿ. ಅಜ್ಜಿ ಏನು ಹೇಳ್ತಾಳೋ ಹಾಗೇ ಮಾಡೋದು ಅನ್ನೋದೊಂದನ್ನ ಮಾವನೂ ಅಮ್ಮನೂ ಒಪ್ಪಿದಾರೆ. ನನಗೆ ಅವಳು ಹಾಕಿಸ್ಕೊಳ್ಳಲಿ ಅಂತ ಆಸೆ. ಅದು ನನ್ನ ಸ್ವಾರ್ಥ ಅಂತಲೂ ಗೊತ್ತು. ಅಶ್ವತ್ಥಾಮನ ಹೆಸರು ಹೇಳಿ ಎಳ್ಳುಹಾಲು ಕುಡಿಸೋದು ಯಾವಾಗಲೂ ಬೇರೆಯವರೇ ತಾನೆ.

ಅಲ್ಲೀವರೆಗೆ ನಾವಿಬ್ರೂ ಒಂದು ಕೆಲಸ ಶುರು ಮಾಡಿದೀವಿ. ರಾತ್ರಿ ಎಂಟಕ್ಕೆ ನಾನು ಫೋನ್ ಮಾಡ್ತೀನಿ. ಅವಳು ಡೈರಿಯ ಒಂದು ಹೆಸರು ಹೇಳಿ ಆ ಮನುಷ್ಯರ ವಿಷಯ ಹೇಳ್ತಾಳೆ. ನಾನು ಟೈಪ್ ಮಾಡ್ಕೋತೀನಿ. ನಿನ್ನೆ ಅವಳ ಗೆಳತಿಯೊಬ್ಬಳ ಸರದಿ. ಮದುವೆಯಾಗಿ ಹೋದೂರಲ್ಲಿ ಮೊದಲ ದಿನವೇ ಹಸು ಒದ್ದು, ಹಾಲಿನ ಚೆಂಬು ಸಮೇತ ಬಿದ್ದು, ಮಾವನ ಮುಂದೆ ಜೋರಾಗಿ ನಕ್ಕುಬಿಟ್ಟವಳಂತೆ. ಹೇಳ್ತಾ ಹೇಳ್ತಾ ಅಜ್ಜಿಗೆ ನಗು ತಡೆಯೋಕಾಗಲಿಲ್ಲ, ಕೆಮ್ಮು ಬಂತು, ಅತ್ತೆ ಫೋನ್ ಕಿತ್ಕೊಂಡು ನನಗೆ ಬೈದ್ರು. ಇಪ್ಪತ್ತಮೂರು ಹೆಸರಾಯ್ತು. ಇನ್ನೂ ನೂರರ ಮೇಲಿದೆ.

*

ಒಂದು ವಿಷಯ ಹೇಳೋದು ಬಾಕಿ ಇದೆ. ಶಾಪ ಕೇಳಿಸ್ಕೊಂಡ ಮೇಲೆ ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮ ಒಂದು ಉತ್ತರ ಕೊಡ್ತಾನೆ. ಕೃಷ್ಣನ ಕಡೆ ತಿರುಗಿ ಬೇಡೋದಿಲ್ಲ. ವ್ಯಾಸರ ಕಡೆ ತಿರುಗಿ, ಜನರ ನಡುವೆ ನಾನು ನಿಮ್ಮ ಜೊತೆ ಇರ್ತೀನಿ ಅನ್ನೋ ಅರ್ಥದ ಒಂದು ಮಾತು ಹೇಳಿ, ತಲೆಯ ಮಣಿ ಕೊಟ್ಟು ಕಾಡಿಗೆ ಹೋಗ್ತಾನೆ. ಯಾರೂ ಮಾತಾಡಿಸದವನು ಆರಿಸ್ಕೊಂಡಿದ್ದು, ಎಲ್ಲರ ಕಥೆಯನ್ನೂ ಹೇಳೋ ಆ ಮುದುಕನನ್ನ.

ವಿಷ್ಣು ಪುರಾಣದಲ್ಲಿ ಪ್ರತಿ ದ್ವಾಪರಕ್ಕೂ ಒಬ್ಬೊಬ್ಬ ವ್ಯಾಸ ಬರ್ತಾನೆ ಅಂತ ಪಟ್ಟಿ ಇದೆ. ವೇದವನ್ನ ವಿಂಗಡಿಸಿ ಜನಕ್ಕೆ ಮುಟ್ಟಿಸೋ ಕೆಲಸ ಆ ಹೆಸರಿನವನದು. ನಮ್ಮ ವ್ಯಾಸರು ಇಪ್ಪತ್ತೆಂಟನೆಯವರು. ಮುಂದಿನ ದ್ವಾಪರದ ವ್ಯಾಸ ಯಾರು ಗೊತ್ತಾ? ದ್ರೌಣಿ. ದ್ರೋಣನ ಮಗ ಅಶ್ವತ್ಥಾಮ.

ಇದನ್ನ ಬರೆದವರು ಯಾರೋ ಗೊತ್ತಿಲ್ಲ, ಅವರಿಗೆ ದೊಡ್ಡ ನಮಸ್ಕಾರ. ಸಾವಿರಾರು ವರ್ಷ ಒಂದು ಮಾತಿಗೂ ಗತಿ ಇಲ್ಲದೆ ತಿರುಗಿದವನ ಹತ್ರ ಕೊನೆಗೆ ಹೇಳೋಕೆ ಎಷ್ಟಿರಬೇಡ!

ನಿಮ್ಮೂರ ಕಡೆ ಇಂಥ ಸಾಯದೆ ತಿರುಗೋವನ ಕಥೆ ಯಾವುದಾದ್ರೂ ಇದ್ರೆ ಬರೀರಿ. ನಿಮ್ಮ ಮನೆಯಲ್ಲೂ ಒಂದು ಹಳೇ ಡೈರಿ ಇದ್ರೆ, ಅದರಲ್ಲಿರೋ ಹೆಸರುಗಳು ಯಾರದು ಅಂತ ಬಲ್ಲವರು ಇನ್ನೂ ಇದ್ರೆ, ಒಂದು ಹೆಸರು ಕೇಳಿ ನೋಡಿ. ಎಂಟು ಗಂಟೆ ಆಗ್ತಾ ಬಂತು, ನಾನು ಫೋನ್ ಮಾಡ್ಬೇಕು. ಇವತ್ತಿನ ಪುಟ ‘ಪ’ ಅಕ್ಷರದ್ದು.